ಒಂದೇ ಪ್ಲಗ್ಗಿನ ವಿಲಾಯತಿ ಗಾಡಿ

ಹತ್ತನೇ ತರಗತಿಯ ಕಪ್ಪುಹಲಗೆಯ ಮೇಲೆ ಹನ್ನೆರಡು ವರ್ಷ ನಾಲ್ಕು ಸ್ಟ್ರೋಕಿನ ಇಂಜಿನ್ನಿನ ಚಿತ್ರ ಬಿಡಿಸಿದವನಿಗೆ ಮೋಟಾರ್ ಸೈಕಲ್ಲಿನ ಬಗ್ಗೆ ಬೇರೆಯವರು ಹೇಳಿಕೊಡುವುದೇನಿರುತ್ತದೆ? ಏನೂ ಇಲ್ಲವೆಂದೇ ನಾನು ತಿಳಿದಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ, ಬೆಳ್ತಂಗಡಿಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದಾಗ, ಕಕ್ಕಿಂಜೆಯ ಹಸನಬ್ಬರ ಹಳೆಯ ಗಾಡಿಯನ್ನು ಕೊಂಡದ್ದು ಈ ಧೈರ್ಯದಿಂದಲೇ.

ಹಸನಬ್ಬರು ನಿವೃತ್ತ ಕಂಪೌಂಡರ್. ಅದೇ ಗಾಡಿಯಲ್ಲಿ ಚಾರ್ಮಾಡಿಯವರೆಗೂ ಮನೆಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು ಬಂದವರು. ಕಣ್ಣು ಮಂಜಾದ ಮೇಲೆ ಒಲ್ಲದ ಮನಸ್ಸಿನಿಂದ ಅದನ್ನು ನನಗೆ ಕೊಟ್ಟರು. ಕೀಲಿ ಕೈಗಿಡುವಾಗ ಎರಡು ಮಾತು ಹೇಳಿದರು.

“ಮಾಸ್ಟ್ರೇ, ಪೆಟ್ರೋಲಿಗೆ ಎಣ್ಣೆ ಬೆರೆಸಿಯೇ ಹಾಕಬೇಕು. ಮತ್ತೆ, ಪುರುಸೊತ್ತಾದಾಗ ನನ್ನನ್ನು ಹಿಂದೆ ಕೂರಿಸಿ ಒಮ್ಮೆ ಚಾರ್ಮಾಡಿಗೆ ಕರ್ಕೊಂಡು ಹೋಗ್ತೀರಾ?”

“ಅದಕ್ಕೇನಂತೆ! ಬರುವ ಆದಿತ್ಯವಾರವೇ ಹೋಗುವ,” ಎಂದೆ.

ಎರಡನೆಯ ಮಾತು ಮನಸ್ಸಿಗೆ ತಾಗಿತು. ಮೊದಲನೆಯದನ್ನು ಕಕ್ಕಿಂಜೆಯಲ್ಲೇ ಬಿಟ್ಟು ಬಂದೆ.

ಟ್ಯಾಂಕಿನ ಮೇಲಿನ ಕಂಪೆನಿಯ ಹೆಸರು ಎಂದೋ ಅಳಿಸಿಹೋಗಿತ್ತು. ಆದ್ದರಿಂದ ಗಾಡಿಯ ಕುಲಗೋತ್ರ ಪತ್ತೆಹಚ್ಚುವ ಘನಕಾರ್ಯ ನನ್ನ ಹೆಗಲೇರಿತು. ಅಂಗಳದಲ್ಲಿ ಅದಕ್ಕೆ ಮೂರು ಸುತ್ತು ಬಂದು, ಹೆಂಡತಿ ವನಜಳನ್ನು ಕರೆದು ತೀರ್ಪು ಕೊಟ್ಟೆ.

“ಸೈಲೆನ್ಸರ್ ಎರಡು ಉಂಟು, ನೋಡು. ಅಂದಮೇಲೆ ಸಿಲಿಂಡರೂ ಎರಡು. ಇದು ವಿಲಾಯತಿ ಗಾಡಿ!”

ವನಜ ಬಗ್ಗಿ ನೋಡಿದಳು. “ಸಿಲಿಂಡರ್ ಎರಡಾದರೆ ಪ್ಲಗ್ ಒಂದೇ ಯಾಕೆ ಮಾರಾಯ್ರೆ?”

“ಇನ್ನೊಂದು ಒಳಗೆ ಉಂಟು.”

ಎಷ್ಟು ಸಲೀಸಾಗಿ ಹೇಳಿದೆನೆಂದರೆ, ನಾನೇ ನಂಬಿಬಿಟ್ಟೆ!

ಶನಿವಾರ ಸರ್ವಿಸ್ ಆರಂಭವಾಯಿತು. ಟ್ಯಾಂಕಿನಲ್ಲಿದ್ದ ಪೆಟ್ರೋಲು ಜಿಡ್ಡುಜಿಡ್ಡಾಗಿತ್ತು. ಶಾಲೆಯಲ್ಲಿ ಕಲಬೆರಕೆಯ ವಿರುದ್ಧ ಭಾಷಣ ಮಾಡುವ ನಾನು ಅದನ್ನು ಸಹಿಸುವುದುಂಟೇ? ಅಷ್ಟನ್ನೂ ಬಸಿದೆ. ಟ್ಯಾಂಕು ತೊಳೆದು ಒಣಗಿಸಿ, ಬಂಕಿನಿಂದ ಪರಿಶುದ್ಧ ಪೆಟ್ರೋಲು ತಂದು ತುಂಬಿದೆ. ಎಣ್ಣೆಯನ್ನು ಎಣ್ಣೆಯ ತೂತಿಗೇ ಹೊಯ್ದೆ. ಅದು ಗೇರ್ ಬಾಕ್ಸಿನ ತೂತೆಂದು ಗೊತ್ತಾದದ್ದು ಆಮೇಲೆ.

ಆದಿತ್ಯವಾರ ಕಕ್ಕಿಂಜೆ ತಲುಪುವಾಗ ಹಸನಬ್ಬರು ರಸ್ತೆ ಬದಿಯಲ್ಲಿ ಕಾದು ನಿಂತಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ಹೊಸ ಟೊಪ್ಪಿ, ಮೈಗೆ ಅತ್ತರು. ಹಿಂದಿನ ಸೀಟನ್ನು ಕೈಯಿಂದ ಒಮ್ಮೆ ಸವರಿ ಹತ್ತಿ ಕೂತರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರೆಂದರು, “ಮಾಸ್ಟ್ರೇ, ಸ್ವರ ಸರಿ ಇಲ್ಲ.”

“ಸರ್ವಿಸ್ ಆದ ಮೇಲೆ ಸ್ವರ ಬದಲಾಗ್ತದೆ ಹಸನಬ್ಬರೇ!” ಎಂದು ವೇಗ ಹೆಚ್ಚಿಸಿದೆ.

ಏರಿನಲ್ಲಿ ‘ಕರ್ರ್’ ಎಂಬ ಸದ್ದು ಬಂತು. ಹಿಂದಿನ ಚಕ್ರ ಗಕ್ಕನೆ ನಿಂತಿತು. ಮರುಕ್ಷಣ ವಿಜ್ಞಾನ, ವೈದ್ಯಕೀಯ ಎರಡೂ ವಿಭಾಗಗಳು ರಸ್ತೆ ಬದಿಯ ಹುಲ್ಲಿನಲ್ಲಿದ್ದವು! ಪುಣ್ಯಕ್ಕೆ ಇಬ್ಬರಿಗೂ ಪೆಟ್ಟಾಗಲಿಲ್ಲ. ಆದರೆ ಆ ಬಿಳಿ ಅಂಗಿಯ ಒಂದು ತೋಳು ಪೂರಾ ಕೆಸರಾಗಿತ್ತು.

ಹಸನಬ್ಬರು ಎದ್ದು ಇಂಜಿನ್ನಿನ ಹತ್ತಿರ ಕೈ ಒಯ್ದು, ಬಿಸಿ ತಾಗಿ ಹಿಂದೆಗೆದರು.

“ಪೆಟ್ರೋಲಿಗೆ ಎಣ್ಣೆ ಬೆರೆಸಿದ್ರಾ?”

ನಾನು ಬಗ್ಗಿ ಅವರ ತೋಳಿನ ಕೆಸರು ಒರೆಸತೊಡಗಿದೆ.

“ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನನ್ನು ದಾರಿಯಲ್ಲಿ ಬಿಟ್ಟದ್ದಿಲ್ಲ ಇದು,” ಎಂದರು ಮೆಲ್ಲಗೆ. ಅವರು ಬೈದಿದ್ದರೆ ವಾಸಿಯಿತ್ತು.

ಅವರನ್ನು ಮನೆಗೆ ಬಿಟ್ಟು, ಗಾಡಿಯನ್ನು ಟೆಂಪೋದಲ್ಲಿ ಉಜಿರೆಯ ಮೆಕ್ಯಾನಿಕ್ ಲೋಕಯ್ಯನಲ್ಲಿಗೆ ಸಾಗಿಸಿದೆ. ಅಲ್ಲಿಯೂ ಸುಮ್ಮನಿರದೆ, ಇದು ವಿಲಾಯತಿಯದೆಂದೂ ನಾಲ್ಕು ಸ್ಟ್ರೋಕಿನದೆಂದೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ವಿವರಿಸಿದೆ. ಲೋಕಯ್ಯ ತಾಳ್ಮೆಯಿಂದ ಪಾಠ ಕೇಳಿ, ಇಂಜಿನ್ ಬಿಚ್ಚಿದ.

“ವಿಲಾಯತಿಯೂ ಅಲ್ಲ, ಎಂತದೂ ಅಲ್ಲ. ಇಲ್ಲಿಯದ್ದೇ ಗಾಡಿ. ಸಿಲಿಂಡರ್ ಒಂದು, ಸ್ಟ್ರೋಕ್ ಎರಡು. ನಾಲ್ಕು ಇರುವುದು ನಿಮ್ಮ ಚಿತ್ರದಲ್ಲಿ ಮಾತ್ರ ಸರ್!”

ಎರಡು ಸ್ಟ್ರೋಕಿನ ಇಂಜಿನ್ನಿಗೆ ಪೆಟ್ರೋಲಿನ ಜೊತೆಗೇ ಎಣ್ಣೆ ಹೋಗಬೇಕಂತೆ; ಎಣ್ಣೆ ಬೆರೆಸದ ಪೆಟ್ರೋಲಿಗೆ ಪಿಸ್ಟನ್ ಸಿಲಿಂಡರಿನೊಳಗೇ ಕಚ್ಚಿಕೊಂಡಿತ್ತು. ಬಿಡಿಭಾಗ ಹುಡುಕಿ ಮೂಡಬಿದಿರೆ, ಬಂಟ್ವಾಳವೆಲ್ಲ ಅಲೆದೆ. ಎಲ್ಲಿಯೂ ಸಿಗಲಿಲ್ಲ. ಆ ಗಾಡಿ ಮತ್ತೆಂದೂ ಓಡಲಿಲ್ಲ. ಒಬ್ಬರು ಅಷ್ಟು ವರ್ಷ ಜೋಪಾನ ಮಾಡಿದ್ದನ್ನು ನಾನು ಒಂದೇ ಸರ್ವಿಸಿನಲ್ಲಿ ಮುಗಿಸಿದ್ದೆ.

ತಿಂಗಳೊಂದು ಕಳೆದ ಮೇಲೆ, ಕ್ಷಮೆ ಕೇಳಲೆಂದು ಬಸ್ಸು ಹತ್ತಿ ಕಕ್ಕಿಂಜೆಗೆ ಹೋದೆ. ದಾರಿಯುದ್ದಕ್ಕೂ ಕಟ್ಟಿಕೊಂಡಿದ್ದ ಮಾತನ್ನು ಅವರ ಮುಖ ನೋಡಿದೊಡನೆ ಬದಿಗಿಟ್ಟೆ.

“ಚಾರ್ಮಾಡಿಗೆ ಬಸ್ಸಿನಲ್ಲಿ ಹೋಗುವನಾ?” ಎಂದಷ್ಟೇ ಕೇಳಿದೆ.

ಅವರು ಟೊಪ್ಪಿ ಹಾಕಿಕೊಂಡು ಹೊರಟೇಬಿಟ್ಟರು. ಕಿಟಕಿಯ ಬದಿ ಕೂತು, ಸರಿಯಾಗಿ ಕಾಣದಿದ್ದರೂ, ಯಾವ ತಿರುವಿನಲ್ಲಿ ಯಾರ ಮನೆ, ಯಾರಿಗೆ ಯಾವ ಜ್ವರಕ್ಕೆ ಇಂಜೆಕ್ಷನ್ ಕೊಟ್ಟದ್ದು ಎಂದು ಹೇಳುತ್ತ ಹೋದರು. ನಾನು ಹೂಂಗುಡುತ್ತಿದ್ದೆ.

ಚಾರ್ಮಾಡಿಯ ಚಹಾದಂಗಡಿಯವನು ಹಸನಬ್ಬರ ಹಳೆಯ ಪರಿಚಯದವನು. “ಇವರು ಯಾರು?” ಎಂದು ನನ್ನನ್ನು ತೋರಿಸಿ ಕೇಳಿದ.

“ನಮ್ಮ ಮಾಸ್ಟ್ರು,” ಎಂದರು ಹಸನಬ್ಬರು. “ಗಾಡಿ ವಿಷಯ ಅಷ್ಟು ಗೊತ್ತಿಲ್ಲ. ಆದರೆ ಬಸ್ಸಿನಲ್ಲಿ ಒಳ್ಳೆ ಕೂತ್ಕೊಳ್ತಾರೆ.”