ತ್ಯಾವಣಿಗೆಯ ಬೇಲಿಯೂ ದೆಹಲಿಯ ನ್ಯಾಯಾಲಯವೂ

ಕಳೆದ ಬೇಸಿಗೆಯ ಕೊನೆಯಲ್ಲಿ, ಭದ್ರಾ ನಾಲೆಗೆ ಇನ್ನೂ ನೀರು ಬಿಟ್ಟಿರದ ದಿನಗಳಲ್ಲಿ, ವಕೀಲ ಮಿತ್ರರೊಬ್ಬರು ನನ್ನನ್ನು ನಾಲ್ಕು ತಾಲ್ಲೂಕುಗಳ ಕಾನೂನು ಅರಿವು ಸಭೆಗಳಿಗೆ ಕರೆದೊಯ್ದರು. ಸರ್ವೋಚ್ಚ ಮತ್ತು ಉಚ್ಚ ನ್ಯಾಯಾಲಯಗಳ ಅಧಿಕಾರವನ್ನು ಜನಕ್ಕೆ ತಿಳಿಯುವ ಕನ್ನಡದಲ್ಲಿ ಹೇಳಬೇಕಾಗಿತ್ತು. ನಲವತ್ತು ವರ್ಷ ಹಳಗನ್ನಡ ಪಾಠ ಹೇಳಿದವನಿಗೆ ಇಂಥ ಕೆಲಸ ವಹಿಸಿದರೆ ಏನಾಗಬೇಕೋ ಅದೇ ಆಯಿತು.

ಚನ್ನಗಿರಿ

ಮುಕ್ಕಾಲು ಗಂಟೆ ಮಾತನಾಡಿ ನಾನು ಕುಳಿತೊಡನೆ ತ್ಯಾವಣಿಗೆಯ ಅಜ್ಜಿಯೊಬ್ಬರು ಎದ್ದರು.

"ಮೇಷ್ಟ್ರೇ, ನನ್ನ ಗದ್ದೆ ದಾರಿಗೆ ಮೈದುನ ಮುಳ್ಳುಬೇಲಿ ಬಡಿದಾನೆ. ನಾಲೆಗೆ ನೀರು ಬರೋದ್ರೊಳಗೆ ಎತ್ತು ಹೋಗಬೇಕು. ದಿಲ್ಲಿ ಕೋರ್ಟಿಗೇ ಬರೀರಿ."

"ತಾಯೀ, ಭೂಮಿ ಎಲ್ಲಿದೆಯೋ ಅಲ್ಲಿಯ ನ್ಯಾಯಾಲಯಕ್ಕೇ ಮೊದಲ ಅಧಿಕಾರ. ದೆಹಲಿಗೆ ನೇರವಾಗಿ ಹೋಗುವುದು ರಾಜ್ಯ ರಾಜ್ಯಗಳ ನಡುವಣ ವ್ಯಾಜ್ಯ."

"ಅವನದೊಂದು ಒಲೆ, ನನ್ನದೊಂದು ಒಲೆ. ನಡುವೆ ಬೇಲಿ ಐತೆ. ಆರು ವರ್ಷದಿಂದ ಮಾತಿಲ್ಲ. ರಾಜ್ಯ ಆಗಾಕೆ ಇನ್ನೇನು ಬೇಕ್ರೀ?"

ಸಂವಿಧಾನ ಬಲ್ಲ ವಕೀಲರು ಎದ್ದು, ಮುಂದಿನ ಸಭೆ ಹೊನ್ನಾಳಿಯಲ್ಲೆಂದು ಸಾರಿದರು.

ಹೊನ್ನಾಳಿ

ಮೊದಲ ಸಾಲಿನಲ್ಲಿ ಅದೇ ಅಜ್ಜಿ. ಕೊನೆಯ ಸಾಲಿನಿಂದ ದಪ್ಪ ಮೀಸೆಯ ಹಿರಿಯರೊಬ್ಬರು ಕೇಳಿದರು: "ಬೇಲಿ ಹಾಕಿದೋನ ಮಾತೂ ಕೋರ್ಟು ಕೇಳ್ತೈತೇನ್ರೀ?"

"ಉಭಯಪಕ್ಷಗಳನ್ನೂ ಕೇಳದೆ ಯಾವ ನ್ಯಾಯಾಲಯವೂ ತೀರ್ಪು ಕೊಡದು."

"ಅದಕ್ಕೇ ಬಂದೀನಿ. ಅತ್ತಿಗೆ ಒಬ್ಬಳೇ ಬಂದು ಆರ್ಡರು ಬರೆಸಿಕೊಂಡು ಹೋದರೆ ಹೆಂಗೆ?"

ಬಸ್ಸಿನಲ್ಲಿ ಸ್ಥಳವಿರದೆ, ಕಂಡಕ್ಟರು ಇಬ್ಬರನ್ನೂ ಒಂದೇ ಸೀಟಿನಲ್ಲಿ ಕೂರಿಸಿದ್ದನಂತೆ. "ದಾರಿಯಲ್ಲಾದರೂ ಮಾತನಾಡಿಕೊಂಡಿರೇನು?" ಎಂದು ವಿಚಾರಿಸಿದೆ.

ಅಜ್ಜಿ ಕೆನ್ನೆ ಬಡಿದುಕೊಂಡರು. "ಎಲ್ಲಾದ್ರೂ ಉಂಟೇನ್ರೀ? ವಿಚಾರಣೆಯಾಗೆ ಇರೋ ಸಂಗತಿ ಹೊರಗೆ ಮಾತಾಡಬಾರದು ಅಂತ ಚನ್ನಗಿರಿಯಾಗೆ ನೀವೇ ಹೇಳಿದ್ರಲ್ಲ!"

ದಾವೆಯನ್ನು ಇನ್ನೂ ಯಾರೂ ಯಾವ ನ್ಯಾಯಾಲಯದಲ್ಲಿಯೂ ಹೂಡಿರಲಿಲ್ಲ.

ನ್ಯಾಮತಿ

ಸಭೆಗೆ ಮುನ್ನ ಇಬ್ಬರೂ ಜಗಲಿಯಲ್ಲಿ ಒಂದೇ ಪೊಟ್ಟಣದ ಮಂಡಕ್ಕಿಯನ್ನು ಪರಮ ಮೌನದಿಂದ ತಿನ್ನುತ್ತಿದ್ದರು. ವಿಚಾರಣೆಗೆ ಮಂಡಕ್ಕಿಯಿಂದ ಬಾಧಕವಿಲ್ಲವೆಂದು ಅವರೇ ತೀರ್ಮಾನಿಸಿಕೊಂಡಿದ್ದರೆಂದು ತೋರುತ್ತದೆ.

ನನ್ನನ್ನು ಕಂಡು ಅಜ್ಜಿ ಎಂದರು: "ದಿಲ್ಲಿ ಬ್ಯಾಡ ಬಿಡ್ರಿ ಮೇಷ್ಟ್ರೇ. ಹೆಂಗಸರಿಗೆ ಪುಕ್ಕಟೆ ಬಸ್ಸು ನಮ್ಮ ರಾಜ್ಯದ ಗಡಿ ದಾಟಂಗಿಲ್ಲಂತೆ. ನನಗೆ ಬೆಂಗಳೂರು ಕೋರ್ಟೇ ಕೊನೇದು."

ಅಧಿಕಾರವ್ಯಾಪ್ತಿ ಎಂಬ ಪದವನ್ನು ಇದಕ್ಕಿಂತ ಸ್ಪಷ್ಟವಾಗಿ ವಿವರಿಸಿದ ವ್ಯಾಖ್ಯಾನಕಾರರನ್ನು ನಾನು ಓದಿಲ್ಲ.

ಜಗಳೂರು

ಅಷ್ಟು ದೂರಕ್ಕೆ ಅವರು ಬರಲಾರರೆಂದು ಭಾವಿಸಿದ್ದೆ. ಬಂದರು, ಅಕ್ಕಪಕ್ಕದಲ್ಲೇ ಕುಳಿತರು. ನಾಲೆಗೆ ನೀರು ಬಿಡಲು ಎರಡೇ ದಿನವಿತ್ತು. ಬೇಲಿ ಇದ್ದಂತೆಯೇ ಇತ್ತು.

ಮೈದುನರು ಎದ್ದರು. "ದಿಲ್ಲಿ ಕೋರ್ಟಿನ ಮ್ಯಾಲೆ ಯಾರು?"

"ಯಾರೂ ಇಲ್ಲ. ಆದರೆ ತನ್ನ ತೀರ್ಪನ್ನು ತಾನೇ ಮರುಪರಿಶೀಲಿಸುವ ಅಧಿಕಾರ ಅದಕ್ಕುಂಟು."

"ತನ್ನ ತಪ್ಪು ತಾನೇ ತಿದ್ದಿಕೊಂಡ್ರೆ ಮರ್ಯಾದೆ ಹೋಗಂಗಿಲ್ವಾ?"

"ಇಲ್ಲ. ಹೆಚ್ಚುತ್ತದೆ."

ಅವರು ಹೆಗಲ ಮೇಲಿನ ಟವೆಲನ್ನು ತೆಗೆದು ಮತ್ತೆ ಹಾಕಿಕೊಂಡರು. ಅನಂತರ ಸಭೆಗೆಲ್ಲ ಕೇಳುವಂತೆ, "ಹಂಗಾದ್ರೆ ನನ್ನ ಬೇಲೀನ ನಾನೇ ಮರುಪರಿಶೀಲನೆ ಮಾಡೀನಿ. ದಾರಿ ಬಿಟ್ಟೆ!" ಎಂದರು.

ಸಭೆ ಚಪ್ಪಾಳೆ ತಟ್ಟಿತು. ವಕೀಲರು ಕನ್ನಡಕ ಒರೆಸಿಕೊಂಡರು. ಅಜ್ಜಿ ಮಾತ್ರ ಸರಕ್ಕನೆ ಎದ್ದು ಕೈ ಎತ್ತಿದರು.

"ತಡೀರಿ! ಇದು ಜಗಳೂರು. ಬೇಲಿ ಇರೋದು ಚನ್ನಗಿರಿ ತಾಲ್ಲೂಕು. ಇಲ್ಲಿ ತೀರ್ಪು ಕೊಡಾಕೆ ಇವನಿಗೆ ಅಧಿಕಾರ ಐತೇನ್ರೀ, ಮೇಷ್ಟ್ರೇ?"

ಆ ಸಂಜೆಯ ಬಸ್ಸಿನಲ್ಲಿಯೇ ಇಬ್ಬರೂ ತ್ಯಾವಣಿಗೆಗೆ ಮರಳಿದರು. ಮರುದಿನ ಬೆಳಿಗ್ಗೆ ಮೈದುನರು ಸ್ಥಳದಲ್ಲಿಯೇ ನಿಂತು, ಅತ್ತಿಗೆಯ ಸಮಕ್ಷಮದಲ್ಲಿ, ಆ ತೀರ್ಪನ್ನು ಇನ್ನೊಮ್ಮೆ ಓದಿ ಹೇಳಿ ಬೇಲಿ ಕಿತ್ತರು. ನೀರು ಬರುವ ಮುನ್ನ ಎತ್ತುಗಳು ಗದ್ದೆ ಸೇರಿದವು.