ಟೀಚರ್ ಹಿಂದೆ ಓಡಿದ ಮಾಮಾ

ನಮ್ಮ ಮಾಮಾ ಸೂರ್ಯ ಪೂರ್ವಕ್ಕೇ ಹುಟ್ಟುತ್ತಾನೆ ಎಂಬುದನ್ನೂ ಮಾಳಿಗೆ ಹತ್ತಿ ನೋಡಿ ಬಂದ ಮೇಲೆಯೇ ಒಪ್ಪುವ ಮನುಷ್ಯ. ಒಪ್ಪಿದರೂ ಪೂರ್ತಿ ಒಪ್ಪುವುದಿಲ್ಲ. "ಇವತ್ತಂತೂ ಅಲ್ಲೇ ಹುಟ್ಯಾನ, ನಾಳಿದು ನಾಳಿ ನೋಡೂಣು" ಅನ್ನುತ್ತಾನೆ. ಇಂಥವನು ಐವತ್ತು ದಾಟಿದ ಮೇಲೆ ಚಡ್ಡಿ ಹಾಕಿಕೊಂಡು ಮುಂಡರಗಿಯಿಂದ ಲಕ್ಷ್ಮೇಶ್ವರದ ತನಕ ಓಡಿದ. ಆರೋಗ್ಯಕ್ಕೆಂದು ಓಡಿದ ಅಂದುಕೊಂಡಿರಾ? ಅಷ್ಟು ಸರಳ ಮನುಷ್ಯನಲ್ಲ ಅವನು. ಓಡುವವರಲ್ಲಿ ಕಳ್ಳರನ್ನು ಹಿಡಿಯಲಿಕ್ಕೆ ಓಡಿದ.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಬೆಟಗೇರಿಯಲ್ಲಿ ಅವನದೊಂದು ಸೀರೆ ಅಂಗಡಿ. ಬೇರೆ ಅಂಗಡಿಯವರು ಸೀರೆ ಬಿಚ್ಚಿ ಹೊಗಳಿದರೆ ಇವನು ಬಿಚ್ಚಿ ಸಂಶಯಪಡುತ್ತಾನೆ. "ಬಣ್ಣ ಹೋಗಂಗಿಲ್ಲ ಅಂತ ನೇಯ್ದಾಂವ ಹೇಳ್ಯಾನ್ರಿ. ನಾ ಅಂತೂ ಹೇಳಂಗಿಲ್ಲ." ಇಷ್ಟು ಕೇಳಿದ ಮೇಲೆ ಗಿರಾಕಿಗಳು ಎದ್ದು ಹೋಗಬೇಕಲ್ಲವೇ? ಇವನೊಬ್ಬ ಖರೆ ಮನುಷ್ಯ ಸಿಕ್ಕ ಅಂತ ಇನ್ನೊಂದು ಸೀರೆ ಹೆಚ್ಚಿಗೆ ಒಯ್ಯುತ್ತಾರೆ. ಒಮ್ಮೆ ಹಾಲಿನಲ್ಲಿ ನೀರು ಬೆರೆಸುತ್ತಾರೆಂದು ಗೌಳಿಗರ ಮನೆಗೇ ಹೋಗಿ ಕಣ್ಣೆದುರು ಹಿಂಡಿಸಿಕೊಂಡು ಬಂದ. ಆ ಹಾಲಿನ ಚಹಾ ಕುಡಿದು ಕಪ್ಪಿನ ತಳವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ತನ್ನ ಹೆಂಡತಿಯ, ಅಂದರೆ ನಮ್ಮ ಅತ್ತಿಯ, ಮುಂದೆ ಮೆಲ್ಲಗೆ ಹೇಳಿದ: "ಆ ಎಮ್ಮಿ ಮುಂಜಾನೆದ್ದು ನೀರ ಭಾಳ ಕುಡದಿತ್ತೇನಂತ."

ಅವನ ಅಂಗಡಿಗೆ ಒಂದು ದಿನ ಶಮೀಮ್ ಟೀಚರ್ ಬಂದರು. ಅದೇ ಓಣಿಯವರು, ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತಾರೆ. ಸೀರೆ ನೋಡುತ್ತ ಮಾತಿಗೆ ಮಾತು ಬಂದು, ತಾನು ಹೋದ ವರ್ಷ ಒಂದು ಓಟದಲ್ಲಿ ಓಡಿದೆ ಎಂದರು. ಮುಂಡರಗಿಯಲ್ಲಿ ಶುರುವಾಗಿ, ಗುಡ್ಡ ಹತ್ತಿ ಇಳಿದು, ಶಿರಹಟ್ಟಿ ದಾಟಿ ಲಕ್ಷ್ಮೇಶ್ವರದಲ್ಲಿ ಮುಗಿಯುವ ಓಟ. ಮ್ಯಾರಥಾನಿಗಿಂತ ಉದ್ದ. ಮಾಮಾ ಮಡಚುತ್ತಿದ್ದ ಸೀರೆ ಅರ್ಧಕ್ಕೆ ನಿಂತಿತು.

"ಟೀಚರ್ರ, ಖರೆ ಹೇಳ್ರಿ. ಎಲ್ಲಿ ಟಂಟಂ ಗಾಡಿ ಹತ್ತಿದ್ರಿ?"

"ಯಾವ ಟಂಟಂ ರೀ ಸಾವ್ಕಾರ್ರ? ಓಡೇ ಹೋಗೇನಿ."

"ಅಷ್ಟು ದೂರ ಬಸ್ಸಿನ್ಯಾಗ ಹೋದ್ರ ನನ್ನ ಟೊಂಕ ಹಿಡೀತೈತಿ. ಮನಷ್ಯಾರು ಓಡೂದು ಹೆಂಗ ಆಕೈತಿ?"

ಟೀಚರ್ ನಗಲಿಲ್ಲ. "ಮುಂದಿನ ಸಲ ನೀವೂ ಬರ್ರಿ. ನನ್ನ ಬೆನ್ನ ಹಿಂದ ಓಡಿ ಕಾಯ್ರಿ" ಎಂದು ಸೀರೆ ತಗೊಳ್ಳದೆ ಹೋದರು.

ಸಿಟ್ಟಿನಲ್ಲಿ ಆಡಿದ ಮಾತು ಅಂತ ಯಾರಿಗಾದರೂ ತಿಳಿಯುತ್ತಿತ್ತು. ಮಾಮಾ ಮಾತ್ರ ಅದನ್ನು ಆಮಂತ್ರಣವೆಂದೇ ತಿಳಿದ.

ಮರುವಾರದಿಂದ ಅವನು ಬೆಳಗಾಗುತ್ತಲೇ ಮನೆಯಿಂದ ಮಾಯವಾಗತೊಡಗಿದ. ಬರುವಾಗ ಮೈಯೆಲ್ಲ ಬೆವರು, ಮೊಣಕಾಲಿಗೆ ನೋವಿನ ಮುಲಾಮಿನ ವಾಸನೆ. ಕೇಳಿದರೆ ಟವೆಲು ತಗೊಂಡು ಬಚ್ಚಲಿಗೆ ನಡೆದುಬಿಡುತ್ತಿದ್ದ. ಎಲ್ಲರನ್ನೂ ಸಂಶಯಿಸುವವನ ಹೆಂಡತಿಗೆ ಸಂಶಯಪಡಲು ಕಲಿಸಬೇಕೇ? ಅತ್ತಿ ನನ್ನನ್ನು ಕರೆದು ಸ್ಕೂಟಿ ಮೇಲೆ ಅವನ ಹಿಂದೆ ಕಳಿಸಿದಳು. ಊರ ಹೊರಗೆ ನಾಗಾವಿಯ ಏರಿನಲ್ಲಿ ಸಿಕ್ಕ. ಏದುಸಿರು ಬಿಡುತ್ತ ಓಡುತ್ತಿದ್ದವನು ತಿರುಗಿ ನೋಡಿದ.

"ಯಾಕವ್ವಾ, ನಿಮ್ಮ ಅತ್ತಿ ಕಳಸ್ಯಾಳೇನು?"

"ಇಲ್ಲ ಮಾಮಾ, ಹವಾ ತಗೊಳ್ಳಾಕ ಬಂದೇನಿ."

"ಬೆಟಗೇರ್ಯಾಗ ಹವಾ ಮುಗದೈತೇನು?" ಎಂದು ಮತ್ತೆ ಓಡಿದ.

ಮನೆಗೆ ಬಂದು, ಮಾಮಾ ಬರೀ ಓಡುತ್ತಾನೆ, ಬೇರೇನೂ ಇಲ್ಲ ಎಂದು ಅತ್ತಿಗೆ ಹೇಳಿದೆ. ಅವಳು ಒಪ್ಪಲಿಲ್ಲ. "ಓಡಾಕತ್ತಾರಂದ್ರ ಯಾರೋ ಬೆನ್ನ ಹತ್ತಿರಬೇಕು" ಅಂದಳು.

ಅಂತೂ ಓಟದ ದಿನ ಬಂತು. ಹಿಂದಿನೆರಡು ದಿನ ಅಕಾಲದ ಮಳೆ ಜಡಿದಿತ್ತು. ಮುಂಡರಗಿಯಲ್ಲಿ ಎಲ್ಲರೂ ಕಾಲು ಚಾಚಿ, ಟೊಂಕ ಬಾಗಿಸಿ ಸಿದ್ಧರಾಗುತ್ತಿದ್ದರೆ ಮಾಮಾ ಒಬ್ಬೊಬ್ಬರ ಮುಖ ನೋಡುತ್ತ ಓಡಾಡಿದ. ಓಟ ಶುರುವಾದದ್ದೇ ಶಮೀಮ್ ಟೀಚರ್ ಹಿಂದೆ ಬಿದ್ದ. ನಾನೂ, ಇನ್ನೂ ಸಂಶಯ ತೀರದ ಅತ್ತಿಯೂ ಸ್ಕೂಟಿ ಮೇಲೆ ಡಾಂಬರು ರಸ್ತೆ ಹಿಡಿದು, ಹಾದಿ ಕೂಡುವ ಕಡೆಯಲ್ಲೆಲ್ಲ ಮುಂದೆ ಹೋಗಿ ಕಾದೆವು. ಪ್ರತಿ ಸಲವೂ ಮೊದಲು ಟೀಚರ್, ಹಿಂದೆಯೇ ಮಾಮಾ. "ಇನ್ನೂ ಯಾವ ಗಾಡಿನೂ ಹತ್ತಿಲ್ಲ" ಎಂದು ನಮಗೆ ವರದಿ ಒಪ್ಪಿಸಿ ಓಡುತ್ತಿದ್ದ. ಅವನ ದನಿಯಲ್ಲಿ ಸ್ವಲ್ಪ ಬೇಸರವೇ ಇತ್ತು.

ಗುಡ್ಡ ಇಳಿದ ಮೇಲೆ ಎರೆಹೊಲಗಳ ನಡುವಿನ ಬಂಡಿದಾರಿ. ಹಸಿ ಎರೆಮಣ್ಣು ಹೇಗೆಂದರೆ, ಇಟ್ಟ ಹೆಜ್ಜೆಯನ್ನು ವಾಪಸು ಕೊಡುವುದಿಲ್ಲ. ಕೊಟ್ಟರೂ ಬೂಟಿಗೆ ಒಂದು ಮುದ್ದೆ ಅಂಟಿಸಿಯೇ ಕೊಡುತ್ತದೆ. ನಾಲ್ಕು ಹೆಜ್ಜೆಗೆ ಕಾಲಿಗೆ ಕಲ್ಲು ಕಟ್ಟಿದ ಹಾಗಾಗುತ್ತದೆ. ಮೇಲೆ ಮೋಡ ಹರಿದು ಬಿಸಿಲು ಬಿದ್ದು, ನೆಲದಿಂದ ಝಳ ಏಳುತ್ತಿತ್ತು. ಹುರಿಯಾಳುಗಳಂಥವರೇ ಸೋತು, ಓಟ ನಡೆಸುವವರ ಜೀಪು ಹತ್ತಿ ಕೂತರು. ನಾವು ಶಿರಹಟ್ಟಿಯ ಈಚೆಗೆ ಕಾದು ಕಾದು ಸಾಕಾದ ಮೇಲೆ ಆ ಇಬ್ಬರೂ ಕಂಡರು. ಟೀಚರ್ ಕುಂಟುತ್ತಿದ್ದರು. ಜಾರಿ ಬಿದ್ದು ಮೊಣಕಾಲು ಬಾತಿತ್ತು. ರಸ್ತೆಗೆ ಬಂದವರೇ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.

"ಸಾವ್ಕಾರ್ರ, ನೀವು ನಡೀರಿ. ನನ್ನ ಕೈಲೆ ಆಗಂಗಿಲ್ಲ."

ಸಂಜೆಯೊಳಗೆ ಲಕ್ಷ್ಮೇಶ್ವರ ಮುಟ್ಟಿದವರಿಗಷ್ಟೇ ಪದಕ. ಮಾಮಾನಲ್ಲಿ ಇನ್ನೂ ಕಸುವಿತ್ತು, ಈಗ ಹೊರಟರೆ ಮುಟ್ಟುತ್ತಿದ್ದ. ಅತ್ತಿ ನನ್ನ ಕೈ ಹಿಚುಕಿ, "ಹೋಗ್ರಿ, ತಿಂಗಳಗಟ್ಟಲೆ ಓಡೀರಿ" ಎಂದು ಕೂಗಿದಳು. ಮಾಮಾ ಹೋಗಲಿಲ್ಲ. ಟೀಚರ್ ಎದುರಿನ ಇನ್ನೊಂದು ಕಲ್ಲಿನ ಮೇಲೆ ಕೂತ.

"ಇದೆಲ್ಲಾ ನನಗ ತಿಳೀತೈತಿ. ನಾ ಮುಂದ ಹೋದಕೂಡ್ಲೆ ನೀವು ಜೀಪ ಹತ್ತವರು" ಅಂದ.

ಟೀಚರ್ ಮುಖ ಕೆಂಪಾಯಿತು. "ಇಷ್ಟು ದೂರ ನೋಡಿದ ಮ್ಯಾಲೂ ಸಂಶೆ ಹೋಗಲಿಲ್ಲೇನ್ರಿ ನಿಮ್ಮದು?"

"ಹೆಂಗ ಹೋಗತೈತಿ? ಕುಂತೀರಲ್ಲ ನೀವು."

ಟೀಚರ್ ಎದ್ದರು. ಸಿಟ್ಟಿಗೆ ಎದ್ದರು, ನೋವಿಗೆ ಹಲ್ಲು ಕಚ್ಚಿ ನಡೆದರು. ಮಾಮಾ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಅವರ ಕೈಗೆ ಕೊಟ್ಟು, "ಮೊಣಕಾಲಿಗೆ ಬಿಗೀರಿ. ಆಮ್ಯಾಲೆ ಅದೊಂದು ನೆಪ ಹೇಳಬ್ಯಾಡ್ರಿ" ಅಂದ. ಟೀಚರ್ ನಿಧಾನವಾದಾಗಲೆಲ್ಲ "ಅಗೋ, ಜೀಪ ಬಂತ ನೋಡ್ರಿ" ಎಂದು ಕೆಣಕಿದ. ಅವರು ಮತ್ತೆ ಕಾಲು ಎತ್ತಿಟ್ಟರು. ಇದನ್ನು ನಾನು ಸ್ಕೂಟಿ ಮೇಲೆ ಹಿಂದಿನಿಂದ ನೋಡುತ್ತ, ಮಾಮಾನ ಮೇಲೆ ಮೊಟ್ಟಮೊದಲ ಸಲ ಬೇರೆಯೇ ಒಂದು ಸಂಶಯಪಟ್ಟೆ: ಟೀಚರ್‌ರನ್ನು ನಡೆಸಲಿಕ್ಕೆಂದೇ ಇವನು ಕೆಣಕುತ್ತಿದ್ದಾನೇನೋ?

ಲಕ್ಷ್ಮೇಶ್ವರ ಮುಟ್ಟುವಾಗ ಹೊತ್ತು ಮೀರಿತ್ತು. ಪೆಂಡಾಲು ಬಿಚ್ಚುತ್ತಿದ್ದರು. ಹೊರಡಲು ನಿಂತಿದ್ದ ಕಾರ್ಯಕರ್ತನೊಬ್ಬ ಇವರಿಬ್ಬರನ್ನು ಮೇಲಿನಿಂದ ಕೆಳಗೆ ನೋಡಿದ.

"ಪೂರಾ ಓಡೇ ಬಂದೀರಿ, ಹೌದಲ್ರಿ? ನಡುವ ಗಾಡಿ ಗೀಡಿ ಹತ್ತಿಲ್ಲಲ್ಲ?"

ಟೀಚರ್‌ ಪೆಂಡಾಲಿನ ಕಂಬಕ್ಕೆ ಒರಗಿದರು. ಮಾಮಾ ಮುಂದೆ ಬಂದ. "ಹತ್ತಿಲ್ಲ. ಇವರು ಇಟ್ಟ ಪ್ರತಿ ಹೆಜ್ಜಿ ನಾ ನೋಡೇನಿ. ಯಾರ ಮುಂದ ಬೇಕಾದ್ರೂ ಹೇಳತೇನಿ."

ನನಗೆ ಬುದ್ಧಿ ಬಂದಾಗಿನಿಂದ ಮಾಮಾ ಯಾರ ಪರವಾಗಿಯೂ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಮತ್ತ ನೀವು?" ಎಂದ ಕಾರ್ಯಕರ್ತ.

ಮಾಮಾ ತನ್ನ ಕೆಸರು ಬೂಟು ನೋಡಿಕೊಂಡ. "ನಂದು ನನಗ ಗೊತ್ತಿಲ್ರಿ. ನಾ ಇವರನ್ನ ನೋಡಕೋಂತ ಬಂದೇನಿ."

ಅಷ್ಟರಲ್ಲಿ ಅತ್ತಿ ಮಾಮಾನನ್ನು ಕಟ್ಟೆಯ ಮೇಲೆ ಕೂಡಿಸಿ, ತಾನು ಕೆಸರಿನಲ್ಲೇ ಕೂತು ಅವನ ಬೂಟು ಬಿಚ್ಚಿದಳು. ಒಂದು ಉಗುರು ಕಿತ್ತು ಬಂದಿತ್ತು.

"ನೋಯಾಕತ್ತೈತೇನ್ರಿ?"

"ಇಲ್ಲ."

"ಸುಳ್ಳ" ಎಂದು ಅತ್ತಿ ಆ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು.