ಬೀಗರ ತಲೆಗೇರಿದ ಕಾಕ್‌ಟೇಲ್

ಮಗಳ ನಿಶ್ಚಿತಾರ್ಥಕ್ಕೆ ಬರುವ ಬೀಗರಿಗೆ ಜೀವಮಾನದಲ್ಲಿ ಮರೆಯದಂಥ ಕಾಕ್‌ಟೇಲ್ ಕುಡಿಸಿಯೇ ಸೈ ಎಂದು ದೇವರ ಮನೆಯಲ್ಲಿ ನಿಂತು ಪಣ ತೊಟ್ಟೆ!

ಗಾಬರಿಯಾಗಬೇಡಿ. ನಮ್ಮದು ಬೆಳಿಗ್ಗೆ ವಿಭೂತಿ ಹಚ್ಚದೆ ಕಾಫಿಯನ್ನೂ ಮುಟ್ಟದ ಮನೆ. ಮದ್ಯದ ಹನಿಯೂ ಇಲ್ಲದ ಕಾಕ್‌ಟೇಲ್ ಇದೆಯಂತೆ, ಈಗ ಸಮಾರಂಭಗಳಲ್ಲೆಲ್ಲ ಅದೇ ಅಂತೆ ಎಂದು ಮಗಳು ಅಕ್ಷರಾ ಹೇಳಿದ್ದಳು. "ಅಡುಗೆಯವರು ಪುಡಿ ಕಲಸಿ ಕೊಡ್ತಾರೆ ಬಿಡಮ್ಮ" ಎಂದೂ ಸೇರಿಸಿದಳು. ಪುಡಿ! ಈ ದಾಕ್ಷಾಯಣಿಯ ಮನೆಯಲ್ಲಿ ಪುಡಿ!

"ನಮ್ಮ ಕಡೆ ಏನೇನು ಬೆರೆಸಿ ಕುಡೀತಾರೋ ಎಲ್ಲ ರುಚಿ ನೋಡ್ತೀನಿ. ಆಮೇಲೆ ನಾನೇ ಹೊಸದೊಂದು ಮಾಡ್ತೀನಿ" ಎಂದೆ.

"ಯಾವುದರಲ್ಲಿ ಹೋಗ್ತೀಯ?" ಎಂದರು ಯಜಮಾನರು ಷಡಕ್ಷರಪ್ಪ, ಪೇಪರಿನಿಂದ ತಲೆ ಎತ್ತದೆ.

"ಅಕ್ಷರಾಳ ಸೈಕಲ್ಲಲ್ಲಿ. ಆಟೋದಲ್ಲಿ ಕೂತ್ರೆ ಅಂಗಡಿ ಕಣ್ಣಿಗೆ ಬೀಳಲ್ಲ."

"ಹೋಗು ಮಾರಾಯ್ತಿ. ಆದ್ರೆ ಕಾಕ್‌ಟೇಲ್ ಅನ್ನೋ ಮಾತು ಮಾತ್ರ ಬೀಗರ ಮುಂದೆ ಎತ್ತಬೇಡ. ಹುಡುಗನ ಅಜ್ಜ ಹಾಲಸ್ವಾಮಿಯವರು ಮೂರು ಹೊತ್ತು ಪೂಜೆ ಮಾಡೋರು. ಎದ್ದು ಹೊರಟ್ರೆ ಸಂಬಂಧ ಅಲ್ಲಿಗೇ ಮುಗೀತು!"

ಹಿಂದೆ ನಾಯಕ ಅರಸರು ಕುದುರೆ ಏರಿ ದಂಡೆತ್ತಿ ಹೊರಟ ಊರಿನಿಂದ ನಾನು ಸೀರೆ ಸಿಕ್ಕಿಸಿ ಸೈಕಲ್ ಏರಿ ಹೊರಟೆ. ಮೊದಲ ಮುತ್ತಿಗೆ ಗಾಂಧಿಬಜಾರಿನ ಅಬ್ಬಾಸ್ ಅಲಿಯವರ ಸೋಡಾ ಅಂಗಡಿಗೆ. ಅವರು ಪುದೀನ ಜಜ್ಜಿ, ನಿಂಬೆ ಹಿಂಡಿ, ಕಾಮಕಸ್ತೂರಿ ಬೀಜ ತೇಲಿಬಿಟ್ಟು, ಮೊದಲು ಒಂದೇ ಒಂದು ಚಮಚ ನನ್ನ ಅಂಗೈಗೆ ಹಾಕಿದರು.

"ಇಷ್ಟೇನಾ?"

"ಅದೇ ತರಕೀಬು, ಅದೇ ಉಪಾಯ ಅಕ್ಕಾ! ಲೋಟ ಆಮೇಲೆ. ಒಂದು ಚಮಚ ಕೊಟ್ಟು ಸುಮ್ನೆ ನಿಂತ್ಕೊಳ್ಳಿ. ಅವರೇ ಕೇಳಬೇಕು."

ಈ ಮಾತನ್ನು ಮಂತ್ರದಂತೆ ಮನಸ್ಸಿನಲ್ಲಿಟ್ಟುಕೊಂಡು ಭದ್ರಾವತಿಯ ಕಡೆ ತುಳಿದೆ. ಭದ್ರಾವತಿ ಇಲ್ಲೇ ಪಕ್ಕದಲ್ಲಿದೆ ಅನ್ನುವವರೆಲ್ಲ ಬಸ್ಸಿನಲ್ಲಿ ಹೋಗುವವರು! ವಿದ್ಯಾನಗರದ ರಸ್ತೆಯುಬ್ಬಿನ ಮೇಲೆ, ಅಬ್ಬಾಸ್ ಅಲಿಯವರು ಬುಟ್ಟಿಯಲ್ಲಿಟ್ಟು ಕಳಿಸಿದ್ದ ಸೋಡಾ ಬಾಟಲಿ ಸಿಡಿದು ನನಗೆ ಮಂಗಳಸ್ನಾನವಾಯಿತು. ಹಿಂದೆ ತಿರುಗಲಿಲ್ಲ. ಕಾರ್ಖಾನೆ ಕ್ವಾರ್ಟರ್ಸ್ ಹತ್ತಿರ ಮುರುಗೇಶಪ್ಪನವರ ಅಂಗಡಿಯ ನನ್ನಾರಿ ಬೇರಿನ ಶರಬತ್ತು ಕುಡಿದಾಗ ಹೋದ ಜೀವ ಮರಳಿತು. "ಸೈಕಲ್ಲಲ್ಲೇ ಬಂದ್ರಾ ಅಮ್ಮಾ? ಅಯ್ಯಯ್ಯೋ, ಕೂತ್ಕೊಳ್ಳಿ!" ಎಂದು ಅವರು ಸ್ಟೂಲು ಕೊಟ್ಟರು. ಕೂರಲಾಗಲಿಲ್ಲ. ಸೈಕಲ್ ಸೀಟು ಆ ಸುಖವನ್ನು ಕಸಿದುಕೊಂಡಿತ್ತು.

ನನ್ನಾರಿಯ ಪಾಕ, ಮುರುಗಲು ಹಣ್ಣಿನ ರಸ, ಬೆಲ್ಲ, ಪುದೀನ, ಕಾಮಕಸ್ತೂರಿ. ಮನೆಗೆ ಬಂದು ಬೆರೆಸಿದೆ, ಚೆಲ್ಲಿದೆ, ಮತ್ತೆ ಬೆರೆಸಿದೆ. ಕೊನೆಗೆ ತಿಳಿಗೆಂಪಿನ ಅಮೃತ ಸಿದ್ಧವಾಯಿತು!

ನಿಶ್ಚಿತಾರ್ಥದ ದಿನ ಆಲ್ಕೊಳದ ಬೀಗರು ದುರ್ಗಿಗುಡಿಯ ನಮ್ಮ ಮನೆ ತುಂಬಿದರು. ಮಂಗಳಾರತಿ ಮುಗಿದಿತ್ತು, ತಾಂಬೂಲ ಇನ್ನೂ ಬದಲಾಗಿರಲಿಲ್ಲ. ಇದೇ ಸಮಯವೆಂದು ದೊಡ್ಡ ಕೊಳದಪ್ಪಲೆಯ ತುಂಬ ಇದ್ದ ಅಮೃತದಲ್ಲಿ ಒಂದಿಷ್ಟನ್ನು ಬೆಳ್ಳಿ ಬಟ್ಟಲಿಗೆ ಸುರಿದೆ. ಪುಟ್ಟ ಚಮಚ ಬೇಕಲ್ಲ? ಕೈಗೆ ಸಿಕ್ಕಿದ್ದು ದೇವರ ಮನೆಯ ಉದ್ಧರಣೆ. ಹೊಸ ಸೀರೆ, ಹಣೆ ತುಂಬ ವಿಭೂತಿ, ಬಾಯಿಗೆ ಯಜಮಾನರು ಹಾಕಿದ ಬೀಗ. ಹೋಗಿ ಹಾಲಸ್ವಾಮಿ ಅಜ್ಜನ ಮುಂದೆ ನಿಂತೆ.

ಅಜ್ಜ ತಟ್ಟನೆ ಎದ್ದರು. ಚಪ್ಪಲಿಯಿಲ್ಲದ ಕಾಲನ್ನು ಇನ್ನೊಮ್ಮೆ ನೋಡಿಕೊಂಡು, ಅಂಗೈ ಕುಳಿ ಮಾಡಿ ಚಾಚಿದರು. ಕಣ್ಣಿಗೊತ್ತಿಕೊಂಡರು. ಸುರ್ರೆಂದು ಹೀರಿದರು. ಆಮೇಲೆ ಆ ಬೆಲ್ಲದ ಪಾಕದ ಕೈಯನ್ನು ಬೆಳ್ಳನೆಯ ತಲೆಗೂದಲಿಗೆ ಭಕ್ತಿಯಿಂದ ಒರೆಸಿಕೊಂಡರು!

ಹಿರಿಯರೇ ಎದ್ದ ಮೇಲೆ ಕೇಳಬೇಕೆ? ಸಾಲುಗಟ್ಟಿ ಎದ್ದರು, ಸಾಲುಗಟ್ಟಿ ಕೈ ಚಾಚಿದರು, ಸಾಲುಗಟ್ಟಿ ತಲೆಗೆ ಒರೆಸಿಕೊಂಡರು! ಕಣ್ಣೆದುರೇ ಅಜ್ಜನ ಕೂದಲು ಗುಲಾಬಿ ಬಣ್ಣಕ್ಕೆ ತಿರುಗಿ ಮುಳ್ಳಿನಂತೆ ನಿಂತಿತು. ಅದರಲ್ಲಿ ಕಾಮಕಸ್ತೂರಿ ಬೀಜಗಳು ಕಪ್ಪೆಮೊಟ್ಟೆಯಂತೆ ಮಿನುಗಿದವು. ಎಲ್ಲಿದ್ದವೋ ನೊಣಗಳು, ಅವೂ ಬೀಗರಾಗಿ ಬಂದವು!

"ಯಾವ ಕ್ಷೇತ್ರದ ತೀರ್ಥ ತಂಗೀ?" ಎಂದರು ಅಜ್ಜ ಕೈ ಜೋಡಿಸಿ.

ಯಜಮಾನರು ಹಿಂದಿನಿಂದ ಸೆರಗು ಜಗ್ಗಿದರು. "ಯಾವುದಾದ್ರೂ ಒಂದು ಹೆಸರು ಹೇಳೇ!"

ಶಿವನೇ! ಸುಳ್ಳು ಹೇಳಿದರೆ ಸಂಬಂಧ ಉಳಿಯುತ್ತದೆ, ನಿಜ ಹೇಳಿದರೆ ಮಗಳ ಬಾಳು! ಆದರೆ ಶರಬತ್ತನ್ನು ತೀರ್ಥವೆಂದು ಹೇಳಿ, ನಾಳೆ ಬೆಳಿಗ್ಗೆ ಯಾವ ಮುಖ ಇಟ್ಟುಕೊಂಡು ದೀಪ ಹಚ್ಚಲಿ?

"ಅದು ತೀರ್ಥ ಅಲ್ಲ ಅಜ್ಜಾರೇ. ಕಾಕ್‌ಟೇಲ್!" ಎಂದುಬಿಟ್ಟೆ.

ಯಜಮಾನರು ಗೋಡೆಗೊರಗಿದರು. ಅಕ್ಷರಾ ಕಣ್ಣು ಮುಚ್ಚಿದಳು. ನಾನು ಹಣ್ಣು, ಬೆಲ್ಲ, ನನ್ನಾರಿ ಬೇರು ಎಂದು ಒಂದೊಂದೇ ಒಪ್ಪಿಸಿದೆ. "ಮದ್ಯದ ವಾಸನೆ ಕೂಡ ಇಲ್ಲ, ಶಿವನಾಣೆ!"

ಅಜ್ಜ ಬೆರಳಿನಿಂದ ತಲೆ ಸವರಿ, ಆ ಬೆರಳನ್ನು ನಿಧಾನವಾಗಿ ನೆಕ್ಕಿದರು.

"ಮೊದ್ಲೇ ಹೇಳೋದಲ್ವೇನಮ್ಮ! ತೀರ್ಥಾನ ಎರಡನೇ ಸಲ ಹೆಂಗೆ ಕೇಳೋದು ಅಂತ ಸಂಕೋಚ ಪಟ್ಕೊಂಡು ಕೂತಿದ್ದೆ. ತಗೊಂಬಾ ದೊಡ್ಡ ಲೋಟದಲ್ಲಿ! ಕುಡಿದ ಮೇಲೇ ತಾಂಬೂಲ!"

ಗೆದ್ದೆ! ಅಬ್ಬಾಸ್ ಅಲಿಯವರ ಚಮಚ ಗೆದ್ದಿತು! ನಾನು ಅಡುಗೆಮನೆಗೆ ಹಾರಿದೆ. ಕೊಳದಪ್ಪಲೆ ಖಾಲಿಯಾಗಿ, ತೊಳೆದು, ಬೋರಲು ಬಿದ್ದಿತ್ತು. ನಾದಿನಿ ಸರ್ವಮಂಗಳ ಹಿತ್ತಿಲಿನಿಂದ ಕೈ ಒರೆಸಿಕೊಳ್ಳುತ್ತ ಒಳಗೆ ಬಂದಳು. ಅವಳ ಮುಂದಲೆಯೂ ಗುಲಾಬಿಯಾಗಿತ್ತು.

"ಅಷ್ಟೊಂದು ತೀರ್ಥ ಯಾರಾದ್ರೂ ತುಳಿದ್ರೆ ಪಾಪ ಅಲ್ವಾ ಅತ್ತಿಗೆ? ಎಲ್ಲ ಬಿಲ್ವದ ಬುಡಕ್ಕೆ ಹಾಕಿ, ಕೈ ಮುಗಿದು ಬಂದೆ!"

ನಾನೂ ಹಿತ್ತಿಲಿಗೆ ಹೋಗಿ ಕೈ ಮುಗಿದೆ. ಬೀಗರಿಗೆ ಮಜ್ಜಿಗೆ ಕೊಟ್ಟೆ.